ಬಾಣಂತಿ ಬ್ರಾಂಡಿ

ನನಗೆ ಕುಡಿಯಲು ಕಲಿಸಿದ್ದು ನನ್ನ ತಾಯಿ. ಹೀಗೆ ಹೇಳಿದರೆ ಜನ ಬಾಯಿಗೆ ಸೆರಗು ಮುಚ್ಚಿಕೊಳ್ಳುತ್ತಾರೆ. ಮುಚ್ಚಿಕೊಳ್ಳಲಿ. ದಿನಾ ಬೆಳಿಗ್ಗೆ ಇಗರ್ಜಿಗೆ ಹೋಗಿ ಪೂಜೆ ಕೇಳಿ ಬರುತ್ತಿದ್ದ ಹೆಂಗಸು ಅವರು. ನನ್ನ ಮೊದಲ ಹೆರಿಗೆಯಾದ ಮೂರನೆಯ ದಿನ ಒಂದು ಪುಟ್ಟ ಪಿಂಗಾಣಿ ಬಟ್ಟಲಲ್ಲಿ ಬ್ರಾಂಡಿ ತಂದು, ಅದಕ್ಕೆ ಹಸಿ ಮೊಟ್ಟೆ ಒಡೆದು ಹಾಕಿ, "ಮೂಗು ಮುಚ್ಚಿ ಕುಡಿ. ಇದು ಮದ್ದು. ಮೈ ಗಟ್ಟಿಯಾಗ್ತದೆ" ಅಂದರು. ನಮ್ಮ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಇದು ಹೊಸತೇನಲ್ಲ. ಬಾಣಂತಿಗೆ ನಲವತ್ತು ದಿನ ಎಣ್ಣೆ ನೀರು, ಮೆಂತೆ ಗಂಜಿ, ಕಷಾಯ, ಸಂಜೆಗೊಂದು ಅಳತೆ ಬ್ರಾಂಡಿ. ನನ್ನ ಅಜ್ಜಿಗೂ ಕೊಟ್ಟಿದ್ದರು, ತಾಯಿಗೂ ಕೊಟ್ಟಿದ್ದರು. ಅವರಿಬ್ಬರೂ ನಲವತ್ತೊಂದನೆಯ ದಿನ ಬಟ್ಟಲು ತೊಳೆದು ಕಪಾಟಿನಲ್ಲಿಟ್ಟು ಮರೆತುಬಿಟ್ಟರು. ನಾನು ಮರೆಯಲಿಲ್ಲ.

ಮೊದಲ ಮಗು ಹೆಣ್ಣು. ಆಗ ಹೇಗೋ ಬಚಾವಾದೆ. ಎಂಟು ವರ್ಷ ಬಿಟ್ಟು ಗಂಡು ಮಗು ಹುಟ್ಟಿದಾಗ ಐವತ್ತರ ದಶಕ ಶುರುವಾಗಿತ್ತು. ಮಂಗಳೂರಿನ ನಮ್ಮ ಜಿಲ್ಲೆ ಇನ್ನೂ ಮದ್ರಾಸಿನ ಕೈಯಲ್ಲಿ, ಊರಿಡೀ ಪಾನನಿರೋಧ. ಕುಡುಕರಿಗೆ ಬ್ರಾಂಡಿ ಸಿಗುತ್ತಿರಲಿಲ್ಲ. ಬಾಣಂತಿಯರಿಗೆ ಡಾಕ್ಟರ ಚೀಟಿ ತೋರಿಸಿದರೆ ಮದ್ದಿನ ಅಂಗಡಿಯಲ್ಲಿ ಸಿಗುತ್ತಿತ್ತು. ನಾನು ಒಂದೂವರೆ ವರ್ಷ ಬಾಣಂತಿಯಾಗಿಯೇ ಉಳಿದೆ. ಸೊಂಟ ನೋವು ಅಂದೆ, ಹಾಲು ಕಡಿಮೆ ಅಂದೆ, ಮೈ ನಡುಗುತ್ತದೆ ಅಂದೆ. ಕೊನೆಯದು ನಿಜವೇ ಆಗಿತ್ತು. ಚೀಟಿ ಕೊಡುವುದನ್ನು ಡಾಕ್ಟರು ನಿಲ್ಲಿಸಿದ ಮೇಲೆ ನಮ್ಮ ಬೀದಿಯ ಹಿಂದೆಯೇ ಕಳ್ಳಭಟ್ಟಿ ಸಿಗುತ್ತದೆ ಎಂದು ಗೊತ್ತಾಯಿತು. ಅದಕ್ಕೆ ಚೀಟಿ ಬೇಕಿರಲಿಲ್ಲ.

ನಾನು ಕನ್ನಡ ಪ್ರೈಮರಿ ಶಾಲೆಯ ಟೀಚರು. ಎರಡನೆಯ ತರಗತಿಯ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದೆ. ಬಾಯಿಯಲ್ಲಿ ಸದಾ ಓಮ ಇಲ್ಲವೇ ಲವಂಗ. ಮಕ್ಕಳು ಮೂರರ ಮಗ್ಗಿ ಮುಗಿಸಿ ನಾಲ್ಕರದು, ಐದರದು ಹೇಳಿ, ಮತ್ತೆ ಒಂದರಿಂದ ಶುರು ಮಾಡಿದರೂ ನಾನು ಕುರ್ಚಿಯಲ್ಲಿ ಕಣ್ಣು ಮುಚ್ಚಿಯೇ ಇರುತ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಊರಿಗೆ ಕಾಣುವುದಿಲ್ಲವೇ? ಎಲ್ಲರಿಗೂ ಕಾಣುತ್ತಿತ್ತು. ಆದರೆ ಹೆಂಗಸು ಕುಡಿಯುತ್ತಾಳೆ ಎಂದು ಬಾಯಿ ಬಿಟ್ಟು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಗಂಡ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು. ಬೀಡಿ ಸಹ ಮುಟ್ಟಿದವರಲ್ಲ. ಹೊಡೆದವರೂ ಅಲ್ಲ. ಆದರೆ ನನಗೆ ಅಪಸ್ಮಾರ ಎಂದು ಊರಿಗೆಲ್ಲ ಅವರೇ ಹೇಳಿಬಿಟ್ಟರು. ಹಾಗಾಗಿ ನಾನು ಎಲ್ಲಿ ಬಿದ್ದರೂ ನೆರೆಯ ಹೆಂಗಸರು ಓಡಿ ಬಂದು ನನ್ನ ಮುಷ್ಟಿಯೊಳಗೆ ಕಬ್ಬಿಣದ ಕೀಲಿಗೊಂಚಲು ತುರುಕಿ, "ಜೆಜು, ಜೆಜು" ಎಂದು ಯೇಸುವನ್ನು ಕರೆಯುತ್ತಿದ್ದರು. ಒಮ್ಮೆ ಎಚ್ಚರವಾದಾಗ ನನ್ನ ಕೈಯಲ್ಲಿ ಮೂರು ಮನೆಗಳ ಕೀಲಿ ಇತ್ತು. ನಗು ಬರುತ್ತದೆ ಈಗ. ಆಗ ಬಂದದ್ದು ಸಿಟ್ಟು, ಯಾಕೆಂದರೆ ನಮ್ಮ ಮನೆಗೆ ನೆಂಟರು ಬಂದ ದಿನ ಅದೇ ಗಂಡ ನನ್ನನ್ನು ಒಳಕೋಣೆಗೆ ಹಾಕಿ ಹೊರಗಿನಿಂದ ಬೀಗ ಹಾಕುತ್ತಿದ್ದರು. ಗಂಡಸು ಕುಡಿದು ಬಿದ್ದರೆ ಎತ್ತಲು ಹೆಂಡತಿ ಇರುತ್ತಾಳೆ. ನನಗೆ ಇದ್ದದ್ದು ಬೀಗ.

ಇನ್ನು ಬರೆಯಬೇಕಾದದ್ದನ್ನು ಬರೆದುಬಿಡುತ್ತೇನೆ. ಮಗನಿಗೆ ಎರಡು ತುಂಬುವ ಮೊದಲು, ಒಂದು ಆದಿತ್ಯವಾರ ಬೆಳಿಗ್ಗೆ, ನಾನು ಕುಡಿದು ಅವನನ್ನು ಮೀಯಿಸಲು ಕೂತೆ. ಬಚ್ಚಲಿನ ಹಂಡೆಯ ನೀರು ಕುದಿಯುತ್ತಿತ್ತು. ತಣ್ಣೀರು ಬೆರೆಸಿದ್ದೇನೆ ಎಂದು ನನ್ನ ತಲೆಯಲ್ಲಿತ್ತು, ಬೆರೆಸಿರಲಿಲ್ಲ. ಚೆಂಬು ಎತ್ತಿದೆ. ಮಗಳಿಗೆ ಆಗ ಒಂಬತ್ತೋ ಹತ್ತೋ. ಬಾಗಿಲಲ್ಲಿ ನಿಂತಿದ್ದವಳು ಹಬೆ ನೋಡಿ ಓಡಿ ಬಂದು ತಮ್ಮನ ಮೇಲೆ ಕೈ ಚಾಚಿದಳು. ನೀರೆಲ್ಲ ಅವಳ ಎಡಗೈಗೆ ಬಿತ್ತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಕಿತ್ತು ಬಂತು. ಡಾಕ್ಟರು ಕೇಳಿದಾಗ ಹುಡುಗಿ, "ನಾನೇ ಬಗ್ಗಿಸಿಕೊಂಡೆ" ಅಂದಳು. ಹಾಗೆ ಹೇಳು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಅಲ್ಲಿಂದ ಆಚೆ ಅವಳು ನನ್ನನ್ನು ಒಂದು ಮಾತೂ ಬೈಯಲಿಲ್ಲ. ನನಗೆ ಅದೇ ದೊಡ್ಡ ಶಿಕ್ಷೆ. ಹೊಸ ಲಂಗ ಬೇಕೆಂದರೆ, ಸಿನಿಮಾಕ್ಕೆ ಹೋಗಬೇಕೆಂದರೆ, ಅವಳು ನನ್ನ ಎದುರು ನಿಂತು ರವಿಕೆಯ ಎಡತೋಳನ್ನು ಮೆಲ್ಲ ಮೇಲೆ ಸರಿಸುತ್ತಿದ್ದಳು, ಅಷ್ಟೇ. ನಾನು ಬಾಯಿ ಮುಚ್ಚಿಕೊಂಡು ಕೊಡುತ್ತಿದ್ದೆ. ಆ ಕೈಯನ್ನು ನೋಡಿದರೆ ಇನ್ನೂ ಕುಡಿಯಬೇಕು ಅನ್ನಿಸುತ್ತಿತ್ತು, ಕುಡಿಯುತ್ತಿದ್ದೆ.

ಅರವತ್ತನೆಯ ಇಸವಿಯ ಹೊತ್ತಿಗೆ ನಮ್ಮ ಇಗರ್ಜಿಯ ವಠಾರದ ಒಂದು ಕೋಣೆಯಲ್ಲಿ ಕುಡಿತ ಬಿಟ್ಟ ಗಂಡಸರ ಕೂಟ ಶುರುವಾಯಿತು. ಒಬ್ಬ ಪಾದ್ರಿಗಳು ಬೊಂಬಾಯಿಯಲ್ಲಿ ಕಂಡು ಬಂದದ್ದಂತೆ. ಜಾತಿ ಕೇಳುತ್ತಿರಲಿಲ್ಲ, ದರ್ಜಿ, ಬಂದರಿನ ಮಂಜಿ ದೋಣಿಯ ಕೂಲಿ, ಕಚೇರಿಯ ಜವಾನ, ಎಲ್ಲ ಒಂದೇ ಬೆಂಚಿನಲ್ಲಿ ಕೂತು ತಾವು ಮಾಡಿದ್ದನ್ನು ಹೇಳಿಕೊಳ್ಳುತ್ತಿದ್ದರು. ನಾನು ಧೈರ್ಯ ಮಾಡಿ ಹೋದೆ. ಬಾಗಿಲಲ್ಲೇ ಒಬ್ಬರು, "ಹೆಂಡತಿಯರು ಆಚೆ ವರಾಂಡದಲ್ಲಿ" ಅಂದರು. ವರಾಂಡಕ್ಕೆ ಹೋದೆ. ಅಲ್ಲಿ ಹೆಂಗಸರು ಒಬ್ಬರಾದ ಮೇಲೆ ಒಬ್ಬರು ತಮ್ಮ ಗಂಡಂದಿರ ಕಥೆ ಹೇಳಿ ಕಣ್ಣೊರಸಿದರು. ನನ್ನ ಸರದಿ ಬಂತು. "ನನ್ನ ಗಂಡ ಕುಡಿಯುವುದಿಲ್ಲ. ಕುಡಿಯುವುದು ನಾನು" ಅಂದೆ. ಪಕ್ಕದಲ್ಲಿದ್ದವರು ಸೀರೆ ಎಳೆದುಕೊಂಡು ಅಷ್ಟು ದೂರ ಸರಿದರು. ಮುಂದಿನ ವಾರ ನನಗೆ ಚಾಪೆಯೇ ಇರಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ನಮ್ಮ ಬೀದಿಗೆ ಮೀನು ತರುತ್ತಿದ್ದ ಹೆಂಗಸು. ಕುದ್ರೋಳಿಯ ಕಡಲಿನ ಬದಿಯವರು, ನನಗಿಂತ ಹತ್ತು ವರ್ಷ ದೊಡ್ಡವರು, ಬಾಯಿ ತೆರೆದರೆ ಬೈಗಳು. ಒಂದು ದಿನ ಬುಟ್ಟಿ ಇಳಿಸಿ, ನಾನು ಬಂಗುಡೆ ಆರಿಸಲು ಬಗ್ಗಿದಾಗ, ನನ್ನ ಗಲ್ಲ ಹಿಡಿದು ಮುಖ ಎತ್ತಿದರು.

"ಬಾಯಮ್ಮ, ಉಸಿರು ಬಿಡಿ."

"ಎಂತಕ್ಕೆ?"

"ಬಿಡಿ ಅಂದೆ. ಮೀನು ಕೊಳೆತದ್ದು ಕಿವಿರು ನೋಡಿದ್ರೆ ಗೊತ್ತಾಗ್ತದೆ. ಮನುಷ್ಯರದ್ದು ಉಸಿರಲ್ಲಿ." ನಾನು ಬಿಟ್ಟೆ. ಅವರು ಮೂಗು ಮುರಿದರು. "ಥೂ! ಓಮ ತಿಂದ್ರೆ ಮುಚ್ಚಿ ಹೋಗ್ತದಾ? ನಾನೂ ತಿಂದವಳೇ. ಶನಿವಾರ ಮಧ್ಯಾಹ್ನ ನಮ್ಮ ಮನೆಗೆ ಬನ್ನಿ."

ಅವರ ಅಣ್ಣ ಆ ಗಂಡಸರ ಕೋಣೆಗೆ ಹೋಗುತ್ತಿದ್ದ. ಅಲ್ಲಿ ಕಲಿತದ್ದನ್ನು ತಂಗಿಗೆ ಹೇಳಿದ್ದ. ತಂಗಿ ಕುಡಿತ ಬಿಟ್ಟು, ಬಿಟ್ಟದ್ದನ್ನು ಉಳಿಸಿಕೊಳ್ಳಲು ತನ್ನ ಜಗಲಿಯಲ್ಲೇ ಹೆಂಗಸರ ಕೂಟ ಮಾಡಿದ್ದರು. ಕೂಟ ಅಂದರೆ ಎಷ್ಟು ಜನ? ನಾನು ಸೇರಿ ಮೂವರು, ಒಮ್ಮೊಮ್ಮೆ ಐವರು. ನೋಡಿದವರಿಗೆ ಸಂಶಯ ಬರಬಾರದೆಂದು ಎಲ್ಲರ ಮಡಿಲಲ್ಲೂ ಒಂದೊಂದು ಮೊರ, ಮೊರದಲ್ಲಿ ಬೀಡಿ ಎಲೆ, ಹೊಗೆಸೊಪ್ಪು. ಬೀಡಿ ಕಟ್ಟುತ್ತ ಮಾತು. ನಾನು ಕಟ್ಟಿದ ಬೀಡಿಯನ್ನು ಯಾರೂ ಸೇದಲಾರರು, ಅಷ್ಟು ಚಂದ.

ಅಕ್ಕನ ಕಟ್ಟಳೆ ಮೂರು. ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಅವರಿಗೆ ನಾನು ಮೊದಲ ಶನಿವಾರದಿಂದಲೇ ಬಾಯಮ್ಮ ಹೋಗಿ "ನೀನು" ಆದೆ. ಮೊದಲನೆಯದು, ಬಂದ ಕೂಡಲೇ ಅಕ್ಕನ ಮುಖದ ಎದುರು ಉಸಿರು ಬಿಡಬೇಕು. ಅವರು "ಇಲ್ಲ" ಅಂದರೆ ಒಳಗೆ, "ಉಂಟು" ಅಂದರೆ ಹೊರಗೆ. ಎರಡನೆಯದು, ಅಲ್ಲಿ ಯಾರೂ ಯಾರಿಗೂ "ಅಯ್ಯೋ ಪಾಪ" ಅನ್ನಬಾರದು. ನಾನು ಮಗಳ ಕೈಯ ಕಥೆ ಹೇಳಿದ ದಿನ ಹೊಸಬಳೊಬ್ಬಳು ಬಾಯಿ ತಪ್ಪಿ ಪಾಪ ಅಂದಳು. ಅಕ್ಕ ಅವಳ ಮೊರ ಕಿತ್ತುಕೊಂಡು ಮನೆಗೆ ಕಳಿಸಿದರು. "ಪಾಪ ಅಂತೆ! ಸುಟ್ಟದ್ದು ಇವಳ ಕೈಯಾ?" ತಮ್ಮ ಕಥೆಯನ್ನೂ ಅವರು ಹಾಗೆಯೇ ಹೇಳುತ್ತಿದ್ದರು. ಅವರ ಅತ್ತೆ ಸಾಯುವಾಗ ನೀರು ನೀರು ಎಂದು ಕರೆಯುತ್ತಿದ್ದರಂತೆ, ಇವರು ಅದೇ ಕೋಣೆಯಲ್ಲಿ ಕುಡಿದು ಬಿದ್ದಿದ್ದರಂತೆ. ಹೇಳಿ ಮುಗಿಸಿ, "ಎಲೆ ನೀರಿಗೆ ಹಾಕು, ಒಣಗಿ ಉಂಟು" ಅನ್ನುತ್ತಿದ್ದರು.

ಮೂರನೆಯದು ಕಾಗೆ. ಕುಡಿದು ಬಂದವಳು, ಕುಡಿದಿದ್ದಾಳೆಂದು ಸಂಶಯ ಇರುವವಳು, ಆ ಮಧ್ಯಾಹ್ನ ಪೂರ್ತಿ ಅಂಗಳದ ಬಿಸಿಲಲ್ಲಿ ಕೂತು ಒಣಹಾಕಿದ ಮೀನಿಗೆ ಬರುವ ಕಾಗೆ ಓಡಿಸಬೇಕು. ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುವ ಜಾಗ. ಬಿಟ್ಟ ಮೂರನೆಯ ತಿಂಗಳಲ್ಲಿ ನಾನು ಒಮ್ಮೆ ಜಾರಿದೆ. ಅಕ್ಕ ಬೈಯಲಿಲ್ಲ, ಉದ್ದದ ಕೋಲು ಕೊಟ್ಟರು. ನನ್ನ ಶಾಲೆಯ ಇಬ್ಬರು ಹುಡುಗಿಯರು ಬೇಲಿಯ ದಣಪೆಯ ಹತ್ತಿರ ನಿಂತು, "ಟೀಚರ್, ನೀವು ಕಾಗೆ ಓಡಿಸುವುದಾ?" ಎಂದು ಕೇಳಿದರು. ಹೌದು ಅಂದೆ. ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು. ಆಮೇಲೆ ಮೂರು ವರ್ಷ ಒಂದು ಹನಿ ಮುಟ್ಟಲಿಲ್ಲ. ಮಗಳ ಮದುವೆಯ ದಿನ ಎಲ್ಲರೂ ವೈನಿನ ಗ್ಲಾಸು ಎತ್ತಿದಾಗ ನಾನು ತುಟಿ ಬಿಗಿದು ಗ್ಲಾಸಿಗೆ ಮುಟ್ಟಿಸಿ ಇಳಿಸಿದೆ. ಆ ಶನಿವಾರ ಅಕ್ಕ ನನಗೆ ಎರಡು ಸಲ ಉಸಿರು ಬಿಡಿಸಿದರು.

ಮಗಳನ್ನು ಕೊಟ್ಟದ್ದು ನಂತೂರಿನ ಕಡೆಗೆ. ಬೀಗಿತ್ತಿ ಕಂಪೌಂಡರೊಬ್ಬರ ವಿಧವೆ. ಒಳ್ಳೆಯ ಮನೆತನ, ಗಟ್ಟಿ ಹೆಂಗಸು. ನನಗೆ ಅಪಸ್ಮಾರ ಇದ್ದು ಗುಣವಾಗಿದೆ ಎಂದು ಅವರಿಗೆ ಹೇಳಿದ್ದೆವು. ಊರ ಬಾಯಿಗೆ ಮುಚ್ಚಳ ಉಂಟೇ? ಮದುವೆಯಾಗಿ ತಿಂಗಳೊಳಗೆ ಅವರಿಗೆ ಎಲ್ಲ ಗೊತ್ತಾಯಿತು. ನಮ್ಮ ಮನೆಗೆ ಬಂದಾಗ ನಾನು ಕೊಟ್ಟ ಕಾಫಿಯನ್ನು ಮೊದಲು ಮೂಸಿ ನೋಡುತ್ತಿದ್ದರು.

ಮೊದಲ ಹೆರಿಗೆ ತಾಯಿಮನೆಯಲ್ಲಿ, ಅದು ಬಿಡುವ ಹಾಗಿಲ್ಲ. ಏಳನೆಯ ತಿಂಗಳಲ್ಲಿ ಮಗಳು ಬಂದಳು. ಪೆಟ್ಟಿಗೆ ಇಳಿಸುವ ಮೊದಲೇ ಹೇಳಿದಳು: "ಮಾಯ್, ನೀರು ಕಾಯಿಸುವುದು, ಮಗುವನ್ನು ಮೀಯಿಸುವುದು ನೀನು ಬೇಡ. ಅದಕ್ಕೆ ಜನ ಇಡು."

ನನ್ನ ಮುಖ ಹೇಗಾಯಿತೋ ಗೊತ್ತಿಲ್ಲ. ಅವಳು ಪೆಟ್ಟಿಗೆ ಇಳಿಸಿ, "ನಲವತ್ತನೆಯ ದಿನ ನೋಡುವ. ಎಲ್ಲ ಸರಿ ಇದ್ರೆ ಆ ದಿನ ನೀನೇ ಮೀಯಿಸು" ಅಂದಳು.

ಅಷ್ಟು ಸಾಕಾಯಿತು ನನಗೆ. ನಾನು ಈ ಲೋಕದಲ್ಲಿ ಬೇರೆ ಏನನ್ನೂ ಅಷ್ಟು ಬೇಡಲಿಲ್ಲ. ಆ ಬಚ್ಚಲಿನಲ್ಲೇ, ಅದೇ ಹಂಡೆಯ ನೀರಿಗೆ ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿ, ಅವಳ ಕಣ್ಣೆದುರೇ ಅವಳ ಮಗುವನ್ನು ಮೀಯಿಸಬೇಕು. ಗಂಡು ಮಗು ಹುಟ್ಟಿತು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕತೊಡಗಿದೆ.

ನಾಲ್ಕನೆಯ ದಿನ ಬೀಗಿತ್ತಿ ಬ್ರಾಂಡಿ ಬಾಟ್ಲಿ ತಂದರು. ಕಂಪೌಂಡರ ಹೆಂಡತಿ ಅಲ್ಲವೇ, ಬಾಟ್ಲಿಯ ಬದಿಗೆ ಉದ್ದದ ಕಾಗದ ಅಂಟಿಸಿ, ದಿನಕ್ಕೊಂದರಂತೆ ಗೆರೆ ಎಳೆದಿದ್ದರು. ಅದನ್ನು ಬಾಣಂತಿ ಕೋಣೆಯ ಗೋಡೆಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ಮಗಳ ದಿಂಬಿನಡಿ ಇಟ್ಟರು. "ದಿನಾ ಸಂಜೆ ನೀನೇ ತೆಗೆದು ಕುಡಿ ಮಗಾ. ಬೇರೆಯವರಿಗೆ ಯಾಕೆ ತೊಂದರೆ?" ಎಂದು ನನ್ನ ಕಡೆ ನೋಡದೆ ಹೇಳಿದರು. ನನಗೆ ಮೈ ಉರಿಯಿತು. ಆದರೂ ಒಳ್ಳೆಯದೇ ಆಯಿತು ಅಂದುಕೊಂಡೆ. ಆ ಬಾಟ್ಲಿಯನ್ನು ನಾನು ಮುಟ್ಟಬೇಕಾಗಿರಲಿಲ್ಲ.

ಬೀಗಿತ್ತಿ ಪ್ರತಿ ಆದಿತ್ಯವಾರ ಪೂಜೆ ಮುಗಿಸಿ ಬಂದು ಹೋಗುತ್ತಿದ್ದರು. ಮೂರನೆಯ ಆದಿತ್ಯವಾರ ಪೆಟ್ಟಿಗೆ ತೆಗೆದು ಬಾಟ್ಲಿಯನ್ನು ಬೆಳಕಿಗೆ ಹಿಡಿದರು. ಇರಬೇಕಾದ ಗೆರೆಗಿಂತ ಹನ್ನೆರಡು ಗೆರೆ ಕೆಳಗಿತ್ತು. ಅವರು ಬಾಟ್ಲಿಯನ್ನು ಮೇಜಿನ ಮೇಲಿಟ್ಟರು. ನನ್ನ ಗಂಡ ಬಾಟ್ಲಿ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ನಾನಲ್ಲ" ಅಂದೆ.

ಬೀಗಿತ್ತಿ ಮಗಳನ್ನು ಕೇಳಿದರು, "ಕೀಲಿ ಯಾವಾಗಲೂ ನಿನ್ನ ಹತ್ತಿರವೇ ಇತ್ತಾ?"

ಮಗಳು ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದಳು. "ಇತ್ತು" ಅಂದಳು. ಆಮೇಲೆ ಹೊದಿಕೆ ಎಳೆದುಕೊಂಡು, "ಮಧ್ಯಾಹ್ನ ನಿದ್ದೆಯಲ್ಲಿರುವಾಗ ಯಾರೋ ದಿಂಬಿನಡಿ ಕೈ ಹಾಕಿದ ಹಾಗೆ ಆಗ್ತಿತ್ತು" ಅಂದಳು.

ನಾನು ಕೊರಳಿನ ಶಿಲುಬೆ ಹಿಡಿದು ಆಣೆ ಹಾಕಿದೆ. ಕುಡಿಯುತ್ತಿದ್ದ ಕಾಲದಲ್ಲೂ ಇದೇ ಶಿಲುಬೆ ಹಿಡಿದು ಎಷ್ಟೋ ಆಣೆ ಹಾಕಿದ್ದೆ. ಗಂಡನಿಗೆ ಅದೆಲ್ಲ ನೆನಪಿತ್ತು. ಅವರು ಹೋಗಿ, ನನ್ನನ್ನು ಕೂಡಿಹಾಕುತ್ತಿದ್ದ ಹಳೆಯ ಬೀಗ ಹುಡುಕಿ ತಂದು ಮೇಜಿನ ಮೇಲಿಟ್ಟರು. ಬೀಗಿತ್ತಿ ಬಾಟ್ಲಿಯನ್ನು ಮತ್ತೆ ಗೋಡೆಪೆಟ್ಟಿಗೆಯಲ್ಲಿಟ್ಟು, ಅದರ ಕೀಲಿಗೆ ದಾರ ಕಟ್ಟಿ ಮಗಳ ಕೊರಳಿಗೇ ಹಾಕಿದರು. "ಬರುವ ಆದಿತ್ಯವಾರ ಮಗನನ್ನು ಕರ್ಕೊಂಡು ಬರ್ತೇನೆ. ಏನೆಂದು ಆಗ ತೀರ್ಮಾನ ಮಾಡುವ. ಅಷ್ಟರವರೆಗೆ ಇವರು ಮಗುವನ್ನು ಮುಟ್ಟುವುದು ಬೇಡ" ಅಂದರು. ವಾರವಿಡೀ ನಾನು ಆ ಕೋಣೆಯ ಹೊಸಿಲಿನ ಈಚೆ ನಿಂತೆ.

ಶನಿವಾರ ಅಕ್ಕನ ಮನೆಗೆ ಓಡಿದೆ. ಇಡೀ ಮಂಗಳೂರಿನಲ್ಲಿ ನನ್ನನ್ನು ನಂಬುವ ಮೂಗು ಅದೊಂದೇ ಎಂದು ಭಾವಿಸಿದ್ದೆ. ಉಸಿರು ಬಿಟ್ಟೆ. ಅಕ್ಕ "ಇಲ್ಲ" ಅಂದರು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವರು ಕೇಳಿ ಮುಗಿಸಿ ಮೂಲೆಯ ಕೋಲು ತೆಗೆದು ನನ್ನ ಕೈಗಿತ್ತರು.

"ಅಕ್ಕ! ಈಗಷ್ಟೇ ಇಲ್ಲ ಅಂದದ್ದು ನೀವೇ ಅಲ್ವಾ?"

"ಇವತ್ತು ಇಲ್ಲ. ಮೊನ್ನೆ ಇತ್ತಾ ಇಲ್ವಾ ನನಗೆ ಎಂತ ಗೊತ್ತು? ಸಂಶಯ ಬಂದವಳು ಹೊರಗೆ ಅಂತ ಕಟ್ಟಳೆ. ನಿನಗೆ ಬೇರೆ, ಅವಳಿಗೆ ಬೇರೆ ಮಾಡ್ಲಿಕ್ಕೆ ಆಗ್ತದಾ? ಹೋಗು ಮಾರಾಯ್ತಿ."

ಹೋಗಿ ಕೂತೆ. ಮೂರು ವರ್ಷ ಬಿಟ್ಟವಳು, ಮಾಡದ ತಪ್ಪಿಗೆ, ಬಿಸಿಲಲ್ಲಿ, ಒಣಮೀನಿನ ನಾತದಲ್ಲಿ. ಅಕ್ಕನನ್ನು ಶಪಿಸಿದೆ, ಬೀಗಿತ್ತಿಯನ್ನು ಶಪಿಸಿದೆ, ಹಾಳಾಗಿ ಹೋಗಲಿ, ಕುಡಿದೇ ಬಿಡುತ್ತೇನೆ ಅಂದುಕೊಂಡೆ. ಒಂದು ಕಾಗೆ ನಾನು ಎಷ್ಟು ಕೋಲು ಬೀಸಿದರೂ ಮತ್ತೆ ಅದೇ ಮೂಲೆಗೆ ಬರುತ್ತಿತ್ತು. ಅದನ್ನು ನೋಡುತ್ತ ಕೂತಿದ್ದಾಗ ತಲೆ ತಣ್ಣಗಾಗಿ ಲೆಕ್ಕ ಹಾಕಿದೆ. ನಾನು ಕುಡಿದಿಲ್ಲ. ಗಂಡ ಕುಡಿಯುವವರಲ್ಲ. ಮೀಯಿಸುವ ಮುದುಕಿ ಬೆಳಿಗ್ಗೆ ಬಂದು ಹೋಗುತ್ತಾಳೆ, ಆಗ ಮಗಳು ಎಚ್ಚರ ಇರುತ್ತಾಳೆ. ಮಗ ಪೇಟೆಯಲ್ಲೇ ಇಲ್ಲ, ಬೋರ್ಡಿಂಗಿನಲ್ಲಿದ್ದಾನೆ. ಕೀಲಿ ಮಗಳ ದಿಂಬಿನಡಿ. ಅವಳು ಈಗೀಗ ಹೊತ್ತಲ್ಲದ ಹೊತ್ತಲ್ಲಿ ಓಮ ಕೇಳುತ್ತಾಳೆ. ಬಾಣಂತಿ ಓಮ ತಿನ್ನುವುದು ಸಹಜವೆಂದು ನಾನೇ ಡಬ್ಬಿ ತುಂಬಿಸಿ ಕೊಟ್ಟಿದ್ದೆ.

ಕೋಲು ಬಿಸಾಡಿ ಎದ್ದೆ. ಅಕ್ಕ ಜಗಲಿಯಿಂದ "ಎಲ್ಲಿಗೆ?" ಎಂದು ಕೂಗಿದರೂ ನಿಲ್ಲಲಿಲ್ಲ. ಮನೆಯಲ್ಲಿ ಗಂಡ ಇರಲಿಲ್ಲ. ಸೀದಾ ಬಾಣಂತಿ ಕೋಣೆಗೆ ನುಗ್ಗಿ ಮಂಚದ ಅಂಚಿನಲ್ಲಿ ಕೂತೆ. ಮಗು ಅವಳ ಪಕ್ಕ ನಿದ್ದೆ ಮಾಡುತ್ತಿತ್ತು. ನಾಲ್ಕು ದಿನದಿಂದ ಅದು ಸರಿಯಾಗಿ ಅತ್ತಿರಲಿಲ್ಲ, ಒಳ್ಳೆಯ ಮಗು ಎಂದು ಎಲ್ಲರೂ ಹೊಗಳುತ್ತಿದ್ದರು. ತಾಯಿಯ ಹಾಲಿನಲ್ಲಿ ಅದಕ್ಕೆ ಏನು ಹೋಗುತ್ತಿತ್ತೆಂದು ಈಗ ಹೊಳೆದು, ಅದರ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದೆ.

"ಉಸಿರು ಬಿಡು" ಅಂದೆ.

ಅವಳು ತುಟಿ ಬಿಗಿದಳು. ನಾನು ಅಕ್ಕ ನನ್ನ ಗಲ್ಲ ಹಿಡಿದ ಹಾಗೆಯೇ ಅವಳ ಗಲ್ಲ ಹಿಡಿದೆ. ಅವಳು ಮುಖ ಕೊಸರಿಕೊಳ್ಳಲು ನೋಡಿದಳು, ಆಮೇಲೆ ಹಟದಿಂದ ನನ್ನ ಮುಖಕ್ಕೇ ಉಸಿರು ಬಿಟ್ಟಳು. ಓಮ. ಓಮದ ಅಡಿಯಲ್ಲಿ ಅದು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ಮದುವೆಯಲ್ಲಿ ಯಾರೋ ಹೊಗಳಿದ್ದರು.

"ಎಷ್ಟು ದಿನದಿಂದ?"

"ಮೊದಲ ವಾರದಿಂದ. ಅದು ಹೊಟ್ಟೆಗೆ ಹೋದ್ರೆ ನಿದ್ದೆ ಬರ್ತದೆ. ಬಚ್ಚಲಲ್ಲಿ ಇವನನ್ನು ಮೀಯಿಸುವ ನೀರಿನ ಶಬ್ದ ಕೇಳಿದ್ರೆ ನನ್ನ ಕೈ ಉರೀತದೆ, ಗೊತ್ತುಂಟಾ ನಿನಗೆ? ಕುಡಿದ್ರೆ ಉರಿಯುವುದಿಲ್ಲ."

"ಗೆರೆ ಹಾಕಿದ್ದು ಕಾಣ್ತಿರ್ಲಿಲ್ವಾ? ಸಿಕ್ಕಿಬೀಳ್ತೇನೆ ಅಂತ ಹೆದರಿಕೆ ಆಗ್ಲಿಲ್ವಾ?"

"ಎಂತಕ್ಕೆ ಹೆದರಿಕೆ?" ಅಂದಳು ನನ್ನ ಮಗಳು. "ಮನೆಯಲ್ಲಿ ನೀನಿದ್ದೀಯಲ್ಲ."

ಹೊಡೆಯಬೇಕೆಂದು ಕೈ ಎತ್ತಿದೆ. ಅವಳು ಎಡತೋಳು ಸರಿಸಲಿಲ್ಲ, ಸರಿಸುವ ಅಗತ್ಯವೇ ಇರಲಿಲ್ಲ. ರವಿಕೆಯ ತೋಳು ಮೇಲೆಯೇ ಇತ್ತು. ಕೈ ಇಳಿಸಿದೆ. ಅವಳು ಆಗ ಅತ್ತಳು, ಗಟ್ಟಿಯಾಗಿ, ಮೂಗು ಸೋರಿಸಿಕೊಂಡು, ಒಂಬತ್ತು ವರ್ಷದವಳ ಹಾಗೆ. "ಹೋಗಿ ಹೇಳು ಅವರಿಗೆ. ಯಾರು ನಂಬ್ತಾರೆ ನೋಡುವ. ನಂಬಿದ್ರೆ ನನ್ನ ಮಗುವನ್ನು ಕಿತ್ಕೊಂಡು ಹೋಗ್ತಾರೆ, ನನ್ನನ್ನು ಇಲ್ಲೇ ಬಿಟ್ಟು ಹೋಗ್ತಾರೆ. ಅದೇ ಬೇಕಾ ನಿನಗೆ?"

ಅವಳು ಹೇಳಿದ್ದು ಸುಳ್ಳಲ್ಲ. ಬೀಗಿತ್ತಿಯನ್ನು ನಾನು ಬಲ್ಲೆ. ಕುಡುಕಿ ಸೊಸೆಗೆ ಆ ಮನೆಯಲ್ಲಿ ಮಗು ಸಿಗದು, ಹೆಚ್ಚೆಂದರೆ ಒಂದು ಬೀಗ ಹಾಕಿದ ಕೋಣೆ. ನಾನು ಆ ಕೋಣೆಯಲ್ಲಿ ಇದ್ದು ಬಂದವಳು. ಅವಳ ಕೊರಳಿನ ಕೀಲಿ ಬಿಚ್ಚಿ, ಬಾಟ್ಲಿ ತೆಗೆದು, ಉಳಿದದ್ದನ್ನು ಬಚ್ಚಲಿಗೆ ಸುರಿದೆ. ಆ ವಾಸನೆಗೆ ನನ್ನ ಬಾಯಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ. ಖಾಲಿ ಬಾಟ್ಲಿಯನ್ನು ನನ್ನ ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಇಟ್ಟೆ.

"ನಾಳೆ ನಾನು ಕುಡಿದೆ ಅಂತ ಹೇಳ್ತೇನೆ" ಅಂದೆ. "ನೀನು ಸುಮ್ಮನಿರು. ಅದು ನಿನಗೆ ಬರ್ತದೆ. ಆದರೆ ಇನ್ನು ಮೇಲೆ ನಿಮ್ಮ ಮನೆ ಬಾಗಿಲಿಗೆ ಒಬ್ಬರು ಮೀನು ತರ್ತಾರೆ. ದಿನಾ ನೀನೇ ಹೊರಗೆ ಬಂದು ಬಗ್ಗಿ ಮೀನು ಆರಿಸಬೇಕು. ಅವರು ಉಸಿರು ಬಿಡು ಅಂದ್ರೆ ಬಿಡಬೇಕು. ಒಂದು ದಿನ ತಪ್ಪಿದ್ರೂ ನಾನು ಬಂದು ನಿನ್ನ ಅತ್ತೆಯ ಎದುರು ಎಲ್ಲ ಹೇಳ್ತೇನೆ, ನಂಬಲಿ ಬಿಡಲಿ."

ಮರುದಿನ ಬೀಗಿತ್ತಿ, ಅಳಿಯ ಬಂದರು. ಗೋಡೆಪೆಟ್ಟಿಗೆ ಖಾಲಿ ಇದ್ದದ್ದು ಕಂಡು ಗಂಡ ನನ್ನ ಪೆಟ್ಟಿಗೆ ಜಾಲಾಡಿ ಬಾಟ್ಲಿ ಹೊರತೆಗೆದರು. "ಹೌದು, ನಾನೇ" ಅಂದೆ. ಗಂಡ ಗೋಡೆ ಹಿಡಿದು ಕೂತುಬಿಟ್ಟರು. ಮೂರು ವರ್ಷದಿಂದ ಅವರು ನನ್ನನ್ನು ನಂಬಲು ಶುರು ಮಾಡಿದ್ದರು ಎಂದು ನನಗೆ ಆಗಲೇ ಗೊತ್ತಾದದ್ದು. ಬೀಗಿತ್ತಿ ಮೆಲುದನಿಯಲ್ಲಿ, "ಬಾಣಂತಿಯ ಬಾಯಿಂದ ಕಿತ್ಕೊಂಡು ಕುಡಿದವಳು ಇನ್ನು ಎಂತ ಮಾಡ್ಲಿಕ್ಕಿಲ್ಲ?" ಅಂದರು. ಅರ್ಧ ಗಂಟೆಯಲ್ಲಿ ಮೂಟೆ ಕಟ್ಟಿದರು. ಅಂದಿಗೆ ಇಪ್ಪತ್ತೆಂಟನೆಯ ದಿನ. ಮಗಳು ಮಗುವನ್ನೆತ್ತಿಕೊಂಡು ನನ್ನ ಎದುರಿನಿಂದಲೇ ಹೋಗಿ ಬಾಡಿಗೆ ಕಾರಿನಲ್ಲಿ ಕೂತಳು. ತಿರುಗಿ ನೋಡಲಿಲ್ಲ. ನಾನು ಒಳಗೆ ಹೋಗಿ ಕ್ಯಾಲೆಂಡರ್ ತೆಗೆದು ಒಲೆಗೆ ಹಾಕಿದೆ.

ಅಕ್ಕನಿಗೆ ಎಲ್ಲ ಹೇಳಿದೆ. ಮೆಚ್ಚುತ್ತಾರೆ ಅಂದುಕೊಂಡಿದ್ದರೆ ನನ್ನ ಬುದ್ಧಿಗಿಷ್ಟು! "ಕುಡಿಯದೆ ಕುಡಿದೆ ಅಂದದ್ದೂ ಸುಳ್ಳೇ. ಸುಳ್ಳು ಹೇಳಿಯೇ ನಾವೆಲ್ಲ ಹಾಳಾದದ್ದು. ಆರು ವಾರ ಕಾಗೆ ಓಡಿಸು" ಅಂದರು. ಆದರೆ ಸೋಮವಾರದಿಂದ ಅವರು ತಮ್ಮ ಹಳೆಯ ಬೀದಿಗಳನ್ನು ಬಿಟ್ಟು, ಬೇಸಿಗೆಯ ಬಿಸಿಲಲ್ಲಿ ಬುಟ್ಟಿ ಹೊತ್ತು ನಂತೂರಿನ ಏರು ಹತ್ತಿದರು. ಮಗಳು ಅಂಗಳಕ್ಕೆ ಬಂದು ಬುಟ್ಟಿಗೆ ಬಗ್ಗುವಳು. ಅಕ್ಕ ಮೀನಿನ ಕಿವಿರು ಎತ್ತಿ ತೋರಿಸುವ ನೆವದಲ್ಲಿ ಮುಖ ಹತ್ತಿರ ತರುವರು. ಬೀಗಿತ್ತಿ ಜಗಲಿಯಲ್ಲಿ ನಿಂತು, "ತಾಜಾ ಉಂಟಾ ನೋಡು ಮಗಾ" ಅನ್ನುವರು.

ಶನಿವಾರ ನನಗೆ ಸುದ್ದಿ ಸಿಗುತ್ತಿತ್ತು. ಮಗುವಿಗೆ ಹಲ್ಲು ಬಂತೇ, ನಡೆಯುತ್ತದೆಯೇ, ಮಗಳು ನನ್ನನ್ನು ಕೇಳಿದಳೇ, ಅದೊಂದೂ ಅಕ್ಕ ಹೇಳುತ್ತಿರಲಿಲ್ಲ. "ಇಲ್ಲ" ಅನ್ನುವರು, ಅಷ್ಟೇ. ಮಳೆಗಾಲದಲ್ಲಿ ಒಮ್ಮೆ "ಉಂಟು" ಅಂದರು. ನಾನು ಮೊರ ಬಿಟ್ಟು ಎದ್ದೆ. ಅಕ್ಕ ನನ್ನ ಸೀರೆ ಹಿಡಿದು ಕೂರಿಸಿ, "ಕೂತ್ಕೊ. ಅವಳ ಎದುರೇ ಬುಟ್ಟಿ ಎತ್ತಿಕೊಂಡು ಬಂದೆ, ಮೀನು ಕೊಡ್ಲಿಲ್ಲ. ಮೂರು ದಿನ ಆ ಮನೆಗೆ ಮೀನಿಲ್ಲ. ನಾಲ್ಕನೇ ದಿನ ಗೇಟಿನ ಹೊರಗೆ ಬಂದು ನಿಂತಿದ್ಳು" ಅಂದರು. ಆಮೇಲೆ ಮತ್ತೆ ಇಲ್ಲ, ಇಲ್ಲ, ಇಲ್ಲ.

ಹಾಗೆ ಆರು ವರ್ಷ. ನಡುವೆ ಮಗಳಿಗೆ ಇನ್ನೊಂದು ಹೆರಿಗೆಯಾಯಿತು, ಅತ್ತೆಮನೆಯಲ್ಲೇ. ಬ್ರಾಂಡಿ ಬೇಡ, ವಾಕರಿಕೆ ಬರುತ್ತದೆ ಅಂದಳಂತೆ. ಬೀಗಿತ್ತಿ ಊರಿಗೆಲ್ಲ ಹೇಳಿ ಹೊಗಳಿದರಂತೆ, ತಾಯಿ ಹಾಗಿದ್ದರೂ ಮಗಳು ಚಿನ್ನ ಎಂದು.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ನನ್ನ ಗಂಡ ತೀರಿಕೊಂಡರು. ಮಣ್ಣು ಮಾಡುವ ದಿನ ಮಗಳು ಮಕ್ಕಳ ಜೊತೆ ಬಂದಳು. ಆ ಇಪ್ಪತ್ತೆಂಟು ದಿನ ಬಿಟ್ಟರೆ ದೊಡ್ಡ ಹುಡುಗ ನಮ್ಮ ಮನೆಯ ಒಳಗೆ ಕಾಲಿಟ್ಟದ್ದು ಅದೇ ಮೊದಲು. ನನ್ನನ್ನು ದೂರದಿಂದ ನೋಡುತ್ತಿದ್ದ. ಜನ ಕರಗಿದ ಮೇಲೆ ನಾನು ಅಡಿಗೆಮನೆಯ ಬಾಗಿಲಲ್ಲಿ ಕೂತಿದ್ದೆ, ಮಗಳು ಒಲೆಯ ಹತ್ತಿರ ನಿಂತು ಕಾಫಿ ಸೋಸುತ್ತಿದ್ದಳು. ಹುಡುಗ ಬಂದು ನನ್ನ ಎದುರು ನಿಂತ.

"ಅಜ್ಜಿ, ನಾನು ಹುಟ್ಟಿದಾಗ ಅಮ್ಮನ ಮದ್ದು ಕದ್ದು ಕುಡಿದದ್ದು ನೀವಾ?"

ಸೋಸುವ ಶಬ್ದ ನಿಂತಿತು. ನಾನು ಮಗಳನ್ನು ನೋಡಿದೆ. ಅವಳು ಹೇಳಬಹುದಿತ್ತು. ಹುಡುಗನಿಗೆ ಆರು ವರ್ಷ, ನಾನು ಮುದುಕಿಯಾಗುತ್ತಿದ್ದೆ, ಗಂಡ ಆ ಸುಳ್ಳನ್ನೇ ನಂಬಿಕೊಂಡು ಸತ್ತಿದ್ದರು. ಒಂದು ಮಾತು ಸಾಕಿತ್ತು. ನಾನು ಕಾದೆ. ಅವಳು ಬಟ್ಟೆಯನ್ನು ಹಿಂಡಿ, ಲೋಟಗಳಿಗೆ ಕಾಫಿ ಹಂಚತೊಡಗಿದಳು.

"ಹೌದು ಮಗಾ, ನಾನೇ" ಅಂದೆ.

ಹುಡುಗ ಎರಡು ಹೆಜ್ಜೆ ಹಿಂದೆ ಸರಿದ. ಮಗಳು ಲೋಟ ತಂದು ನನ್ನ ಕೈಗೆ ಕೊಡುವಾಗ ಬಗ್ಗಿದಳು, ಅಗತ್ಯಕ್ಕಿಂತ ಹೆಚ್ಚು ಬಗ್ಗಿದಳು, ಅವಳ ಮುಖ ನನ್ನ ಮುಖಕ್ಕೆ ತಾಗುವಷ್ಟು. ಯಾರೂ ಹೇಳದೆ ಉಸಿರು ಬಿಟ್ಟಳು. ಕಾಫಿಯ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

"ಇಲ್ಲ" ಅಂದೆ.

ಅವಳು ತಲೆಯಾಡಿಸಿ, ಹುಡುಗನ ಕೈ ಹಿಡಿದುಕೊಂಡು, ಅವನನ್ನು ಮೀಯಿಸಲು ಬಚ್ಚಲಿಗೆ ಕರೆದೊಯ್ದಳು. ಬಾಗಿಲು ಹಾಕಿಕೊಂಡಳು. ಒಳಗೆ ಅವಳು ಬಿಸಿನೀರಿಗೆ ತಣ್ಣೀರು ಬೆರೆಸುವುದು ನನಗೆ ಕೇಳಿಸುತ್ತಿತ್ತು.